ಮಗುವಿಗೆ ಆಂಟಿಬಯಾಟಿಕ್ ಸಿರಪ್: ಕೊನೆಯ ಹಂತ ನಮ್ಮ ಅಡುಗೆಮನೆಯಲ್ಲಿ



ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಯಂತ್ರದ ಬಿಡಿಭಾಗ, ಸಿದ್ಧ ಉಡುಪು, ವಿದ್ಯುತ್ ಸಲಕರಣೆಗಳ ನೂರಾರು ಕಾರ್ಖಾನೆಗಳ ನಡುವೆ ಅಲ್ಲೊಂದು ಸರ್ಕಾರಿ ಔಷಧ ಕಾರ್ಖಾನೆಯೂ ಇದೆ. ಅದೇ 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್. ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡರ ಪಾಲೂ ಇರುವ ಸಂಸ್ಥೆ ಇದು. ಚುಚ್ಚುಮದ್ದು, ಮಾತ್ರೆ, ಕ್ಯಾಪ್ಸೂಲುಗಳ ಜೊತೆಗೆ ಮಕ್ಕಳಿಗೆ ಕೊಡುವ ಪುಡಿ ರೂಪದ ಸಿರಪ್ ಕೂಡ ಇಲ್ಲಿ ತಯಾರಾಗುತ್ತದೆ.

ಔಷಧ ಕಾರ್ಖಾನೆ ಎಂದರೆ ಎಷ್ಟು ಎಚ್ಚರಿಕೆ ಬೇಕು ಎಂಬುದನ್ನು ನೀವು ಊಹಿಸಬಹುದು. ಗಾಳಿಯನ್ನು ಸೋಸಿ ಒಳಗೆ ಬಿಡುತ್ತಾರೆ. ಕೋಣೆಯ ತೇವಾಂಶವನ್ನು ಹತೋಟಿಯಲ್ಲಿಡುತ್ತಾರೆ. ಪುಡಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಪ್ರತಿ ತಂಡದ ಔಷಧವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಹೊರಗೆ ಕಳಿಸುತ್ತಾರೆ. ಇಷ್ಟೆಲ್ಲ ಮಾಡಿ ಕೊನೆಯ ಎರಡು ಕೆಲಸಗಳನ್ನು ಮಾತ್ರ ಬಾಕಿ ಬಿಡುತ್ತಾರೆ: ಪುಡಿಗೆ ನೀರು ಬೆರೆಸುವುದು ಮತ್ತು ಒಂದು ಸಲಕ್ಕೆ ಬೇಕಾದಷ್ಟನ್ನು ಅಳೆಯುವುದು. ಈ ಎರಡು ಕೆಲಸಗಳು ನಡೆಯುವುದು ನಮ್ಮ ಅಡುಗೆಮನೆಯಲ್ಲಿ. ಮಗು ಅಳುತ್ತಿರುತ್ತದೆ, ರಾತ್ರಿ ಹತ್ತು ಗಂಟೆಯಾಗಿರುತ್ತದೆ, ಬಾಟಲಿಯ ಮೇಲಿನ ಇಂಗ್ಲಿಷ್ ಅಕ್ಷರಗಳು ಸಾಸಿವೆ ಕಾಳಿಗಿಂತ ಸಣ್ಣದಾಗಿರುತ್ತವೆ.

ಈ ಲೇಖನವನ್ನು ತಾಯಿ ತಂದೆಯರಿಗೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಕಾರಣ ಸರಳ. ಯಲಹಂಕದಲ್ಲಿರಲಿ, ಹೆಬ್ಬಾಳದಲ್ಲಿರಲಿ, ಎಷ್ಟೋ ಮನೆಗಳಲ್ಲಿ ಆ ಸಣ್ಣ ಅಕ್ಷರಗಳನ್ನು ಓದಿ ಅರ್ಥ ಹೇಳಬಲ್ಲವರು ನೀವೇ. ತಮ್ಮನಿಗೋ ತಂಗಿಗೋ ಅಕ್ಕನ ಮಗುವಿಗೋ ಪಕ್ಕದ ಮನೆಯ ಕೂಸಿಗೋ ಜ್ವರ ಬಂದಾಗ “ಇದರಲ್ಲಿ ಏನು ಬರೆದಿದೆ ನೋಡಪ್ಪ”, “ಸ್ವಲ್ಪ ಓದಿ ಹೇಳಮ್ಮ” ಎಂದು ಬಾಟಲಿ ನಿಮ್ಮ ಕೈಗೆ ಬರುತ್ತದೆ. ಆ ಕ್ಷಣದಲ್ಲಿ ಕಾರ್ಖಾನೆಯ ಕೊನೆಯ ಕೆಲಸಗಾರರು ನೀವಾಗಿರುತ್ತೀರಿ.

ಪುಡಿಯಾಗಿ ಏಕೆ ಕೊಡುತ್ತಾರೆ?

ಕೆಮ್ಮಿನ ಔಷಧ ದ್ರವವಾಗಿಯೇ ಬರುತ್ತದೆ. ಆದರೆ ಮಕ್ಕಳಿಗೆ ಹೆಚ್ಚಾಗಿ ಬರೆಯುವ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್, ಕನ್ನಡದಲ್ಲಿ ಹೇಳುವುದಾದರೆ ಪ್ರತಿಜೀವಕ, ಬಾಟಲಿಯ ತಳದಲ್ಲಿ ಪುಡಿಯಾಗಿ ಬರುತ್ತದೆ. ಇದಕ್ಕೆ ರಸಾಯನಶಾಸ್ತ್ರದಲ್ಲಿ ಕಾರಣವಿದೆ.

ಪೆನಿಸಿಲಿನ್ ಕುಟುಂಬದ ಔಷಧಗಳ ಅಣುವಿನ ನಡುವೆ ಒಂದು ಪುಟ್ಟ ಉಂಗುರವಿದೆ. ಮೂರು ಕಾರ್ಬನ್ ಮತ್ತು ಒಂದು ನೈಟ್ರೋಜನ್ ಪರಮಾಣು ಸೇರಿ ಆದ ಚೌಕದಂಥ ಉಂಗುರ ಅದು. ಅದನ್ನು ಬೀಟಾ ಲ್ಯಾಕ್ಟಮ್ ಉಂಗುರ ಎನ್ನುತ್ತಾರೆ. ಪೆನಿಸಿಲಿನ್ನಿನ ರಚನೆ ಹೀಗಿದೆ ಎಂಬುದನ್ನು 1945ರಲ್ಲಿ ಕ್ಷ-ಕಿರಣಗಳ ನೆರವಿನಿಂದ ಖಚಿತವಾಗಿ ತೋರಿಸಿದವರು ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್. ಕಾರ್ಬನ್ನಿನ ಬಂಧಗಳು ಸಾಮಾನ್ಯವಾಗಿ ಅಗಲವಾದ ಕೋನದಲ್ಲಿರಲು ಬಯಸುತ್ತವೆ. ಇಲ್ಲಿ ಅವನ್ನು ಸುಮಾರು 90 ಡಿಗ್ರಿಗೆ ಬಗ್ಗಿಸಿ ಕಟ್ಟಿದಂತಿದೆ. ಬಗ್ಗಿಸಿ ಹಿಡಿದ ಬಿದಿರು ಬಿಟ್ಟೊಡನೆ ಚಿಮ್ಮುವ ಹಾಗೆ ಈ ಉಂಗುರ ಬಿಚ್ಚಿಕೊಳ್ಳಲು ಕಾದಿರುತ್ತದೆ.

ಬ್ಯಾಕ್ಟೀರಿಯಾ ತನ್ನ ಸುತ್ತ ಒಂದು ಗಟ್ಟಿ ಗೋಡೆ ಕಟ್ಟಿಕೊಂಡು ಬದುಕುತ್ತದೆ. ಆ ಗೋಡೆಯನ್ನು ಹೆಣೆಯುವ ಕಿಣ್ವದ ಬಳಿ ಬಂದಾಗ ಔಷಧದ ಉಂಗುರ ಬಿಚ್ಚಿ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಕಿಣ್ವದ ಕೆಲಸ ನಿಲ್ಲುತ್ತದೆ, ಗೋಡೆ ದುರ್ಬಲವಾಗುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ. ಆದ್ದರಿಂದಲೇ ಈ ಔಷಧ ರೋಗಾಣುವನ್ನು ಕೊಂದು ನಮ್ಮನ್ನು ಉಳಿಸುತ್ತದೆ. ವೈರಸ್ಸಿಗೂ ಈ ಗೋಡೆ ಇಲ್ಲ. ಹಾಗಾಗಿ ನೆಗಡಿ, ಫ್ಲೂ ಮುಂತಾದ ವೈರಸ್ ಕಾಯಿಲೆಗಳಿಗೆ ಇದರಿಂದ ಪ್ರಯೋಜನವಿಲ್ಲ. “ಡಾಕ್ಟರು ಬರೀ ಜ್ವರದ ಔಷಧಿ ಕೊಟ್ಟರು, ಆಂಟಿಬಯಾಟಿಕ್ ಕೊಡಲೇ ಇಲ್ಲ” ಎಂದು ಮನೆಯಲ್ಲಿ ಯಾರಾದರೂ ಗೊಣಗಿದರೆ ಈ ಗೋಡೆಯ ವಿಷಯ ಹೇಳಿ.

ಈಗ ಪುಡಿಯ ಪ್ರಶ್ನೆಗೆ ಬರೋಣ. ಬಿಚ್ಚಿಕೊಳ್ಳಲು ಕಾದಿರುವ ಉಂಗುರವನ್ನು ನೀರು ಕೂಡ ಬಿಚ್ಚಬಲ್ಲದು. ನಿಧಾನವಾಗಿ ಬಿಚ್ಚುತ್ತದೆ, ಆದರೆ ಬಿಡದೆ ಬಿಚ್ಚುತ್ತದೆ. ಶಾಖ ಹೆಚ್ಚಾದಷ್ಟೂ ಈ ಕ್ರಿಯೆ ಬೇಗ ನಡೆಯುತ್ತದೆ. ಅಮಾಕ್ಸಿಸಿಲಿನ್ ಜೊತೆಗೆ ಸೇರಿಸುವ ಕ್ಲಾವುಲಾನಿಕ್ ಆಮ್ಲವಂತೂ ನೀರು ಮತ್ತು ಶಾಖಕ್ಕೆ ಇನ್ನೂ ಬೇಗ ಕೆಡುತ್ತದೆ. ಆದ್ದರಿಂದ ಒಣ ಪುಡಿಯಾಗಿದ್ದಾಗ ಬಹುಕಾಲ ಬಾಳುವ ಔಷಧ, ನೀರು ಸೇರಿದ ಮೇಲೆ ಕೆಲವೇ ದಿನ ಬಾಳುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಅವಧಿ ಮುಗಿಯುವ ತಾರೀಖು ಒಣ ಪುಡಿಗೆ ಮಾತ್ರ ಸಂಬಂಧಿಸಿದ್ದು. ನೀರು ಬೆರೆಸಿದ ದಿನದಿಂದ ಬೇರೆ ಗಡಿಯಾರ ಶುರುವಾಗುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಮ್ಲದ ಸಿರಪ್ಪಿಗೆ ಸಾಮಾನ್ಯವಾಗಿ 7 ದಿನ, ಅದೂ ಫ್ರಿಜ್ಜಿನಲ್ಲಿಟ್ಟರೆ. ಬೇರೆ ಬೇರೆ ಔಷಧಗಳಿಗೆ ಬೇರೆ ಬೇರೆ ಅವಧಿ ಇರುವುದರಿಂದ ಲೇಬಲ್ಲಿನಲ್ಲಿ ಬರೆದದ್ದೇ ಪ್ರಮಾಣ.

ನೀರು ಬೆರೆಸುವ ಕ್ರಮ

ಈ ಕೆಲಸದಲ್ಲಿ ನಾನೇ ತಪ್ಪಿದ್ದೇನೆ. ಮಗನಿಗೆ ಎರಡು ವರ್ಷವಿದ್ದಾಗ ಕಿವಿ ಸೋರಿ ಜ್ವರ ಬಂದಿತ್ತು. ರಾತ್ರಿ ಆರ್.ಟಿ. ನಗರದ ಔಷಧಿ ಅಂಗಡಿಯಿಂದ ಬಾಟಲಿ ತಂದೆ. ವಿಜ್ಞಾನ ಪದವಿ ಪಡೆದವನಿಗೆ ನೀರು ಬೆರೆಸುವುದು ಎಷ್ಟರ ಮಾತು ಎಂಬ ಭಾವನೆ. ಲೇಬಲ್ಲಿನ ಬಾಣದ ಗುರುತಿನವರೆಗೆ ಒಂದೇ ಸಲ ನೀರು ಸುರಿದು ಕುಲುಕಿದೆ. ನೀರಿನ ಮಟ್ಟ ಗುರುತಿಗಿಂತ ಕೆಳಗಿಳಿಯಿತು. ಪುಡಿ ಕರಗಿದ್ದರಿಂದ ಹಾಗಾಗಿರಬೇಕು ಎಂದುಕೊಂಡು ಹಾಗೆಯೇ ಕೊಟ್ಟೆ. ಮೂರನೆಯ ದಿನ ಬಾಟಲಿಯ ತಳದಲ್ಲಿ ಸುಣ್ಣದಂತೆ ಗಟ್ಟಿಯಾದ ಪುಡಿ ಕುಳಿತಿರುವುದನ್ನು ನನ್ನ ಹೆಂಡತಿ ತೋರಿಸಿದಳು. ಮಕ್ಕಳ ವೈದ್ಯರ ಬಳಿ ಬಾಟಲಿ ಒಯ್ದಾಗ ಅವರು ಬೈಯಲಿಲ್ಲ. ಹೊಸ ಬಾಟಲಿ ತರಿಸಿ ತಮ್ಮೆದುರಿಗೇ ನನ್ನಿಂದ ನೀರು ಬೆರೆಸಿಸಿದರು. ಅವರು ಕಲಿಸಿದ ಕ್ರಮ ಇದು.

ಮೊದಲು ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಕೆಲವು ಪೆಟ್ಟಿಗೆಗಳಲ್ಲಿ ಶುದ್ಧ ನೀರಿನ ಪುಟ್ಟ ಬಾಟಲಿಯೂ ಇರುತ್ತದೆ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು ಬೇಕು. ಬಿಸಿ ನೀರು ಖಂಡಿತ ಬೇಡ. ಬಿಸಿ ಏನು ಮಾಡುತ್ತದೆ ಎಂಬುದು ನಿಮಗೆ ಈಗ ಗೊತ್ತು.

ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ, ತಳಕ್ಕೆ ಹತ್ತಿದ ಪುಡಿಯನ್ನು ಸಡಿಲ ಮಾಡಿ. ಬಾಣದ ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ನೊರೆ ಇಳಿಯುವವರೆಗೆ ಒಂದೆರಡು ನಿಮಿಷ ಬಿಡಿ. ಪುಡಿಯ ನಡುವೆ ಸಿಕ್ಕಿದ್ದ ಗಾಳಿ ಹೊರಗೆ ಬರುವುದರಿಂದ ಮಟ್ಟ ಇಳಿಯುತ್ತದೆ. ಈಗ ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ನೋಡುತ್ತ, ಸರಿಯಾಗಿ ಗುರುತಿನವರೆಗೆ ಉಳಿದ ನೀರು ಸೇರಿಸಿ ಮತ್ತೆ ಕುಲುಕಿ. ಪ್ರಯೋಗಾಲಯದಲ್ಲಿ ಅಳತೆಯ ಜಾಡಿಯನ್ನು ಓದುವ ಕ್ರಮವೇ ಇದು.

ಮಟ್ಟ ಇಳಿದಾಗ ನಾನು ಮತ್ತೆ ನೀರು ಸೇರಿಸಲಿಲ್ಲ. ಅಂದರೆ ನನ್ನ ಬಾಟಲಿಯ ಔಷಧ ಇರಬೇಕಾದ್ದಕ್ಕಿಂತ ಗಟ್ಟಿಯಾಯಿತು. ಗುರುತು ದಾಟಿ ನೀರು ಹಾಕಿದ್ದರೆ ಉಲ್ಟಾ ಆಗಿ ತೆಳುವಾಗುತ್ತಿತ್ತು. ಎರಡನೆಯ ತಪ್ಪು, ಪ್ರತಿ ಸಲ ಕುಲುಕದೆ ಕೊಟ್ಟದ್ದು. ಇದು ಸಕ್ಕರೆ ಪಾನಕದಂತೆ ಪೂರ್ತಿ ಕರಗಿದ ದ್ರಾವಣವಲ್ಲ. ರಾಗಿ ಅಂಬಲಿಯ ಹಾಗೆ ಕಣಗಳು ತೇಲುತ್ತಿರುವ ಮಿಶ್ರಣ. ಇಟ್ಟಲ್ಲಿ ಬಿಟ್ಟರೆ ಕಣಗಳು ಕೆಳಗೆ ಕೂರುತ್ತವೆ. ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಹೆಚ್ಚಾಗಿ ಸಿಹಿನೀರು, ಕೊನೆಯ ದಿನಗಳಲ್ಲಿ ವಿಪರೀತ ಔಷಧ. ಕಾಯಿಲೆ ಜೋರಾಗಿರುವಾಗಲೇ ಔಷಧ ಕಡಿಮೆ.

ಬೆರೆಸಿದ ತಕ್ಷಣ ಒಂದು ಪಟ್ಟಿ ಅಂಟಿಸಿ ಅದರ ಮೇಲೆ ದಿನ ಮತ್ತು ಸಮಯ ಬರೆಯಿರಿ. ಈ ಕೆಲಸವನ್ನು ಮನೆಯಲ್ಲಿ ನೀವೇ ವಹಿಸಿಕೊಳ್ಳಿ.

ಚಮಚ ಎಂಬ ಮೋಸ

“ಒಂದು ಚಮಚ” ಎಂದರೆ ಎಷ್ಟು? ಔಷಧದ ಲೆಕ್ಕದಲ್ಲಿ ಒಂದು ಚಮಚ ಎಂದರೆ 5 ಮಿ.ಲೀ. ಆದರೆ ನಮ್ಮ ಮನೆಯ ಚಮಚಗಳಿಗೆ ಈ ನಿಯಮ ತಿಳಿಯದು. ಉಪ್ಪಿನಕಾಯಿ ಚಮಚ, ಕಾಫಿಪುಡಿ ಚಮಚ, ಊಟದ ಚಮಚ, ಪಾಯಸದ ಚಮಚ ಎಲ್ಲವನ್ನೂ ನಾವು ಚಮಚ ಎಂದೇ ಕರೆಯುತ್ತೇವೆ. ದೊಡ್ಡ ಚಮಚದಲ್ಲಿ 15 ಮಿ.ಲೀ. ಹಿಡಿಯಬಹುದು. ಅಂದರೆ ಮೂರು ಪಟ್ಟು.

ಒಂದು ಪ್ರಯೋಗ ಮಾಡಿ ನೋಡಿ. ಔಷಧಿ ಅಂಗಡಿಯಿಂದ ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ತನ್ನಿ. ಮನೆಯಲ್ಲಿರುವ ಎಲ್ಲ ಚಮಚಗಳನ್ನೂ ಸಾಲಾಗಿಟ್ಟು, ಪ್ರತಿಯೊಂದನ್ನೂ ಸಿರಿಂಜಿನ ನೀರಿನಿಂದ ತುಂಬಿ ಎಷ್ಟು ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಸರಿಯಾಗಿ 5 ಮಿ.ಲೀ. ಹಿಡಿಯುವ ಚಮಚ ಎಷ್ಟಿವೆ ಎಂದು ಎಣಿಸಿ. ಆ ಪಟ್ಟಿಯನ್ನು ಅಮ್ಮನಿಗೆ ತೋರಿಸಿದರೆ ನನ್ನ ಲೇಖನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಔಷಧವನ್ನು ಸಿರಿಂಜಿನಲ್ಲಿ ಅಥವಾ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ ಮಾತ್ರ ಅಳೆಯಬೇಕು. ಚಿಕ್ಕ ಅಳತೆಗೆ ಸಿರಿಂಜೇ ಉತ್ತಮ.

ಒಂದು ಲೆಕ್ಕ

ಮಕ್ಕಳಿಗೆ ಔಷಧವನ್ನು ವಯಸ್ಸಿಗಿಂತ ಮುಖ್ಯವಾಗಿ ತೂಕ ನೋಡಿ ನಿಗದಿ ಮಾಡುತ್ತಾರೆ. ಮಗುವಿನ ತೂಕವನ್ನು ಆ ದಿನವೇ ತೂಗಿಸಬೇಕು. ಒಂದು ಉದಾಹರಣೆ ನೋಡೋಣ. ಇದು ಲೆಕ್ಕ ಅರ್ಥವಾಗಲು ಮಾತ್ರ. ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ, ನಮ್ಮದಲ್ಲ.

ಮಗುವಿನ ತೂಕ 12 ಕಿಲೋ ಎಂದಿರಲಿ. ಕಿಲೋಗೆ 25 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಸಲ, 5 ದಿನ ಕೊಡಬೇಕು ಎಂದು ವೈದ್ಯರು ಹೇಳಿದ್ದಾರೆ. ಒಂದು ಸಲಕ್ಕೆ 12 × 25 = 300 ಮಿಲಿಗ್ರಾಂ. ಈಗ ಬಾಟಲಿ ನೋಡಿ. ಅಮಾಕ್ಸಿಸಿಲಿನ್ ಸಿರಪ್ ಸಾಮಾನ್ಯವಾಗಿ ಎರಡು ಶಕ್ತಿಗಳಲ್ಲಿ ಸಿಗುತ್ತದೆ: 5 ಮಿ.ಲೀ.ಯಲ್ಲಿ 125 ಮಿಲಿಗ್ರಾಂ ಇರುವುದು, 5 ಮಿ.ಲೀ.ಯಲ್ಲಿ 250 ಮಿಲಿಗ್ರಾಂ ಇರುವುದು. ಮೊದಲನೆಯದಾದರೆ ಒಂದು ಸಲಕ್ಕೆ 12 ಮಿ.ಲೀ. ಬೇಕು. ಎರಡನೆಯದಾದರೆ 6 ಮಿ.ಲೀ. ಸಾಕು. ಔಷಧ ಒಂದೇ, ಹೆಸರು ಒಂದೇ, ಬಾಟಲಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟು, ಮನೆಯಲ್ಲಿ ಅಳತೆ ಬದಲಿಸದಿದ್ದರೆ ಮಗುವಿಗೆ ಎರಡು ಪಟ್ಟು ಅಥವಾ ಅರ್ಧದಷ್ಟು ಔಷಧ ಸೇರುತ್ತದೆ.

ಇನ್ನೊಂದು ಗೊಂದಲ ಡ್ರಾಪ್ಸ್‌ನದು. ಎಳೆ ಕೂಸುಗಳಿಗೆಂದು ಬರುವ ಅಮಾಕ್ಸಿಸಿಲಿನ್ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿಲಿಗ್ರಾಂ ಇರುತ್ತದೆ. 125ರ ಸಿರಪ್ಪಿನಲ್ಲಿ 1 ಮಿ.ಲೀ.ಗೆ 25 ಮಿಲಿಗ್ರಾಂ ಮಾತ್ರ. ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಚಿಕ್ಕ ಬಾಟಲಿ ಎಂದರೆ ಸೌಮ್ಯ ಔಷಧ ಎಂದು ತಿಳಿಯಬೇಡಿ.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಒಂದು ಸಲಕ್ಕೆ 6 ಮಿ.ಲೀ., ದಿನಕ್ಕೆ ಎರಡು ಸಲ, ಅಂದರೆ ದಿನಕ್ಕೆ 12 ಮಿ.ಲೀ. 5 ದಿನಕ್ಕೆ 60 ಮಿ.ಲೀ. ಆದರೆ ಎಷ್ಟೋ ಬಾಟಲಿಗಳು 30 ಮಿ.ಲೀ.ಯವು. ಒಂದು ಬಾಟಲಿ ಎರಡೂವರೆ ದಿನಕ್ಕೇ ಖಾಲಿ! ಆ ಹೊತ್ತಿಗೆ ಜ್ವರ ಇಳಿದಿರುತ್ತದೆ, ಮಗು ಆಡತೊಡಗಿರುತ್ತದೆ. “ಬಾಟಲಿ ಮುಗಿಯಿತು, ಕೋರ್ಸೂ ಮುಗಿಯಿತು” ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ನಿಜವಾಗಿ ಮುಗಿದದ್ದು ಅರ್ಧ. ಅಂಗಡಿಯಲ್ಲಿ ನಿಂತಾಗಲೇ ಈ ಗುಣಾಕಾರ ಮಾಡಿ, ಬೇಕಾದಷ್ಟು ಬಾಟಲಿ ಕೇಳಿ ಪಡೆಯಿರಿ. ಎರಡನೆಯ ಬಾಟಲಿಗೆ ನೀರು ಬೆರೆಸುವುದು ಮೊದಲನೆಯದು ಮುಗಿದ ಮೇಲೆ.

ಇದರ ಉಲ್ಟಾ ಕೂಡ ಆಗುತ್ತದೆ. ಪುಟ್ಟ ಮಗುವಿಗೆ 2.5 ಮಿ.ಲೀ.ಯಂತೆ ದಿನಕ್ಕೆ ಎರಡು ಸಲ 5 ದಿನ ಕೊಟ್ಟರೆ 25 ಮಿ.ಲೀ. ಖರ್ಚಾಗಿ 5 ಮಿ.ಲೀ. ಉಳಿಯುತ್ತದೆ. ಅದನ್ನು ಮುಂದಿನ ತಿಂಗಳ ಕೆಮ್ಮಿಗೆ ಎತ್ತಿಡಬಾರದು. ಪಕ್ಕದ ಮನೆಯ ಮಗುವಿಗೂ ಕೊಡಬಾರದು.

ದಿನಗಳನ್ನು ಎಣಿಸುವವರು ಯಾರು?

1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಿದರು. ಸೋಂಕು ಮುಖವನ್ನೆಲ್ಲ ಆವರಿಸಿ, ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದಿತ್ತು. ಔಷಧ ಕೊಟ್ಟ ಮೇಲೆ ಜ್ವರ ಇಳಿಯಿತು, ಅವರು ಊಟ ಮಾಡತೊಡಗಿದರು. ಆದರೆ ಆಗ ಇಡೀ ಜಗತ್ತಿನಲ್ಲಿ ಇದ್ದ ಪೆನಿಸಿಲಿನ್ನೇ ಚೂರುಪಾರು. ಅವರ ಮೂತ್ರದಿಂದ ಔಷಧವನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಐದಾರು ದಿನಗಳಲ್ಲಿ ಅದು ಮುಗಿದುಹೋಯಿತು. ಸೋಂಕು ಮತ್ತೆ ಕೆರಳಿತು. ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಅಂದು ಔಷಧವಿಲ್ಲದೆ ಚಿಕಿತ್ಸೆ ನಿಂತಿತು. ಇಂದು ಯಶವಂತಪುರದ ಪ್ರತಿ ಬೀದಿಯ ಅಂಗಡಿಯಲ್ಲೂ ಔಷಧವಿದೆ. ಆದರೂ “ಮಗು ಹುಷಾರಾಯಿತಲ್ಲ” ಎಂದು ನಾವೇ ನಿಲ್ಲಿಸುತ್ತೇವೆ.

ಎಷ್ಟು ದಿನ ಕೊಡಬೇಕು ಎಂಬುದು ಕಾಯಿಲೆಯನ್ನು ಅವಲಂಬಿಸಿದೆ. ಕೆಲವು ಬಗೆಯ ನ್ಯುಮೋನಿಯಾಕ್ಕೆ 3ರಿಂದ 5 ದಿನ ಸಾಕು ಎಂದು ಈಗ ತಿಳಿದುಬಂದಿದೆ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲುಬೇನೆಗೆ ಬಾಯಿಯ ಮೂಲಕ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಡುವುದಾದರೆ ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. ಮೂರನೆಯ ದಿನಕ್ಕೇ ನೋವು ಹೋಗಿರುತ್ತದೆ, ನಿಜ. ಆದರೂ ಹತ್ತು ದಿನ ಏಕೆಂದರೆ, ಈ ಬೇನೆಗೆ ಸರಿಯಾದ ಚಿಕಿತ್ಸೆ ಆಗದಿದ್ದರೆ ಕೆಲವು ಮಕ್ಕಳಿಗೆ ಕೆಲವು ವಾರಗಳ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳೇ ಕೆಡಬಹುದು. 5ರಿಂದ 15 ವರ್ಷದ ಮಕ್ಕಳಲ್ಲೇ ಇದು ಹೆಚ್ಚು. ಹೀಗೆ ಕಿರಿದಾದ ಕವಾಟವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರಾಗಿದೆ. ಗಂಟಲಿನಲ್ಲಿ ಸಿರಪ್ಪಿನಿಂದ ಮುಗಿಯಬಹುದಾಗಿದ್ದ ಕೆಲಸ ಹೃದಯದವರೆಗೆ ಹೋಗುವುದು ಎಂದರೆ ಹೀಗೆ.

ಆದ್ದರಿಂದ ದಿನಗಳನ್ನು ಕಡಿಮೆ ಮಾಡುವುದೂ ಬೇಡ, “ಇನ್ನೆರಡು ದಿನ ಇರಲಿ” ಎಂದು ಹೆಚ್ಚಿಸುವುದೂ ಬೇಡ. ವೈದ್ಯರು ಬರೆದಷ್ಟು ದಿನ ಕೊಡಬೇಕು. ಬೇಗ ನಿಲ್ಲಿಸಬಹುದೇ ಎಂಬ ಪ್ರಶ್ನೆ ಬಂದರೆ ಅವರನ್ನೇ ಕೇಳಬೇಕು.

ಕೊಡುವ ರೀತಿ

ದಿನಕ್ಕೆ ಎರಡು ಸಲ ಎಂದರೆ ಸುಮಾರು 12 ಗಂಟೆಗೊಮ್ಮೆ, ಮೂರು ಸಲ ಎಂದರೆ ಸುಮಾರು 8 ಗಂಟೆಗೊಮ್ಮೆ. ನೀವು ಶಾಲೆಗೆ ಹೊರಡುವ ಮುನ್ನ ಬೆಳಿಗ್ಗೆ 7ಕ್ಕೆ, ಮತ್ತೆ ರಾತ್ರಿ 7ಕ್ಕೆ ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲಕ್ಕೂ ಒಂದು ಗೆರೆ ಎಳೆಯಿರಿ. ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವುದು ಇದರಿಂದ ತಪ್ಪುತ್ತದೆ. ಒಂದು ಸಲ ಮರೆತರೆ ನೆನಪಾದಾಗ ಕೊಡಿ. ಮುಂದಿನ ವೇಳೆ ಹತ್ತಿರವೇ ಇದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ಕೊಡುವುದು ಮಾತ್ರ ಬೇಡ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಮಲಗಿಸಬಾರದು. ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಮೂಗು ಹಿಡಿದು ಗಂಟಲಿಗೆ ಸುರಿದರೆ ಔಷಧ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಹಾಲಿನ ಬಾಟಲಿಯಲ್ಲಿ ಬೆರೆಸಿದರೆ ಮಗು ಅರ್ಧ ಹಾಲು ಬಿಟ್ಟಾಗ ಅರ್ಧ ಔಷಧವೂ ಉಳಿಯುತ್ತದೆ. ಕಹಿ ಹೋಗಲೆಂದು ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಔಷಧವನ್ನು ಮಿಠಾಯಿ ಎಂದು ಹೇಳಿ ಕೊಡುವುದೂ ಒಳ್ಳೆಯದಲ್ಲ. ಮಿಠಾಯಿಯನ್ನು ಮಕ್ಕಳು ತಾವೇ ಹುಡುಕಿ ತೆಗೆದು ಕುಡಿಯುತ್ತಾರೆ. ಕೊಟ್ಟ ಕೂಡಲೇ ವಾಂತಿಯಾದರೆ ಮತ್ತೆ ಕೊಡಬೇಕೇ ಎಂದು ವೈದ್ಯರಿಗೆ ಫೋನು ಮಾಡಿ ಕೇಳಿ.

ಫ್ರಿಜ್ಜಿನಲ್ಲಿಡಬೇಕು ಎಂದು ಲೇಬಲ್ಲಿನಲ್ಲಿ ಇದ್ದರೆ ಒಳಗಿನ ತಟ್ಟೆಯಲ್ಲಿಡಿ. ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಬೇಡ. ಮನೆಯಲ್ಲಿ ಫ್ರಿಜ್ಜಿಲ್ಲ ಎಂದರೆ ನಾಚಿಕೆ ಪಡಬೇಕಾಗಿಲ್ಲ. ವೈದ್ಯರು ಚೀಟಿ ಬರೆಯುವಾಗಲೇ ಅದನ್ನು ಹೇಳಿ. ಒಂದು ಚಮಚ ನೀರಿನಲ್ಲಿ ಕದಡಿ ಕೊಡಬಹುದಾದ ಅಮಾಕ್ಸಿಸಿಲಿನ್ ಮಾತ್ರೆಗಳಿವೆ. ಅವಕ್ಕೆ ಫ್ರಿಜ್ಜು ಬೇಡ, ಬಾಣದ ಗುರುತೂ ಬೇಡ. ಮಕ್ಕಳ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇಂಥ ಮಾತ್ರೆಗಳನ್ನೇ ಮೆಚ್ಚಿ ಶಿಫಾರಸು ಮಾಡಿವೆ.

ಯಾವಾಗ ಓಡಬೇಕು?

ಸ್ವಲ್ಪ ಭೇದಿಯಾಗುವುದು ಸಾಮಾನ್ಯ. ನೀರು, ಗಂಜಿ, ಎದೆಹಾಲು ಮುಂದುವರಿಸಿ, ವೈದ್ಯರಿಗೆ ತಿಳಿಸಿದರೆ ಸಾಕು. ಮೈಮೇಲೆ ದದ್ದು ಕಂಡರೆ ಮುಂದಿನ ಸಲದ ಔಷಧ ಕೊಡುವ ಮೊದಲು ವೈದ್ಯರನ್ನು ಕೇಳಬೇಕು. ಆದರೆ ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅದು ತೀವ್ರ ಅಲರ್ಜಿ. ಔಷಧ ನಿಲ್ಲಿಸಿ ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಧಾವಿಸಿ. ಮಗುವಿಗೆ ಒಮ್ಮೆ ಹೀಗಾಗಿದ್ದರೆ ಆ ಔಷಧದ ಹೆಸರನ್ನು ಬರೆದಿಟ್ಟುಕೊಂಡು ಮುಂದೆ ಪ್ರತಿ ವೈದ್ಯರಿಗೂ ಹೇಳಬೇಕು.

ಮಗು ಹಾಲು ಕುಡಿಯಲಾರದೆ ಹೋದರೆ, ಕುಡಿದದ್ದನ್ನೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಸಿರಪ್ಪನ್ನು ನಂಬಿ ಮನೆಯಲ್ಲಿ ಕೂರಬಾರದು. ಎರಡು ದಿನ ಔಷಧ ಕೊಟ್ಟರೂ ಗುಣ ಕಾಣದಿದ್ದರೆ ಮರಳಿ ತೋರಿಸಬೇಕು. ಬೇರೆ ಅಂಗಡಿಗೆ ಹೋಗಿ “ಇನ್ನೂ ಸ್ಟ್ರಾಂಗ್ ಇರೋದು ಕೊಡಿ” ಎಂದು ಕೇಳುವುದು ದಾರಿಯಲ್ಲ.

ಒಂದು ಮನೆಯ ತಪ್ಪು, ಊರಿನ ತೊಂದರೆ

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕುಳಿತಿಲ್ಲ. ನೀರು ನಿಧಾನವಾಗಿ ಬಿಚ್ಚುವ ಆ ಉಂಗುರವನ್ನು ಕ್ಷಣದಲ್ಲಿ ಬಿಚ್ಚಿಬಿಡುವ ಕಿಣ್ವವನ್ನು ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಕ್ಲಾವುಲಾನಿಕ್ ಆಮ್ಲವನ್ನು ಸೇರಿಸುವುದು ಆ ಕಿಣ್ವವನ್ನು ತಡೆಯಲೆಂದೇ. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸುವಾಗಲೇ ಎಚ್ಚರಿಸಿದ್ದರು: ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಔಷಧ ತಗುಲಿದರೆ ಸೂಕ್ಷ್ಮಜೀವಿಗಳು ಅದನ್ನು ತಾಳಿಕೊಳ್ಳುವುದನ್ನು ಕಲಿಯುತ್ತವೆ ಎಂದು. ಗುರುತು ದಾಟಿ ನೀರು ಹಾಕಿದ ತೆಳು ಸಿರಪ್, ಅರ್ಧ ಚಮಚ, ಬೇಡದ ನೆಗಡಿಗೆ ಕೊಟ್ಟ ಔಷಧ, ಎಲ್ಲವೂ ಈ ಪಾಠಶಾಲೆಯ ತರಗತಿಗಳೇ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರು ಎಂದು ಅಂದಾಜು. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು 5 ವರ್ಷದೊಳಗಿನ ಮಕ್ಕಳು.

ಇದಕ್ಕೆಂದೇ ನಮ್ಮ ದೇಶದಲ್ಲಿ 2014ರ ಮಾರ್ಚಿನಿಂದ ಎಚ್-1 ಎಂಬ ಪಟ್ಟಿ ಜಾರಿಯಲ್ಲಿದೆ. ಆ ಪಟ್ಟಿಯ ಔಷಧ ಮಾರಿದಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ದಾಖಲಿಸಬೇಕು. ಲೇಬಲ್ಲಿನಲ್ಲಿ ಉದ್ದವಾಗಿ ಕೆಂಪು ಗೆರೆ ಕಂಡರೆ ಅದು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ ಎಂದರ್ಥ. ಅದನ್ನು ಜನರಿಗೆ ತಿಳಿಸಲು 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ನಡೆಸಿತು.

ಉಳಿದ ಔಷಧವನ್ನು ಬಚ್ಚಲಿಗೆ ಸುರಿಯುವುದೂ ಬೇಡ. ನಮ್ಮ ಭಾಗದ ಕೊಳಚೆ ನೀರು ಕೊನೆಗೆ ಸೇರುವುದು ಕೆರೆಗಳಿಗೇ. ಜಕ್ಕೂರು ಕೆರೆಗೆ ಹರಿಯುವುದು ಸಂಸ್ಕರಿಸಿದ ಕೊಳಚೆ ನೀರು. ಸಂಸ್ಕರಣಾ ಘಟಕಗಳನ್ನು ಕಟ್ಟಿರುವುದು ಔಷಧ ತೆಗೆಯಲೆಂದಲ್ಲ. ಉಳಿದ ಬಾಟಲಿಯನ್ನು ಔಷಧಿ ಅಂಗಡಿಯವರು ಹಿಂದಕ್ಕೆ ಪಡೆಯುತ್ತಾರೆಯೇ ಕೇಳಿ. ಇಲ್ಲದಿದ್ದರೆ ಮುಚ್ಚಳ ಬಿಗಿದು ಕಾಗದದಲ್ಲಿ ಸುತ್ತಿ, ಅಪಾಯಕಾರಿ ಕಸ ಎಂದು ಹೇಳಿ ಬೇರೆಯಾಗಿಯೇ ಕಸದ ಗಾಡಿಗೆ ಕೊಡಿ.

ಜೆ.ಸಿ. ನಗರದ ನಮ್ಮ ದೂರದರ್ಶನ ಕೇಂದ್ರದ ಸ್ಟುಡಿಯೋದಲ್ಲಿ ವೈದ್ಯರು ಅರ್ಧ ಗಂಟೆ ಮಾತನಾಡಬಹುದು. ಪೀಣ್ಯದ ಕಾರ್ಖಾನೆ ಮಿಲಿಗ್ರಾಂ ತಪ್ಪದಂತೆ ತೂಗಿ ಕಳಿಸಬಹುದು. ಆದರೆ ರಾತ್ರಿ ಹತ್ತಕ್ಕೆ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಾಣದ ಗುರುತು ನೋಡುವವರು ನೀವೇ.

ನೆನಪಿಡಿ

1. ಲೇಬಲ್ಲಿನಲ್ಲಿ ನಾಲ್ಕು ವಿಷಯ ಓದಿ: ಔಷಧದ ಹೆಸರು, 5 ಮಿ.ಲೀ.ಯಲ್ಲಿ ಎಷ್ಟು ಮಿಲಿಗ್ರಾಂ, ಬೆರೆಸಿದ ಮೇಲೆ ಎಷ್ಟು ದಿನ, ಎಲ್ಲಿಡಬೇಕು.
2. ಆರಿಸಿದ ನೀರನ್ನು ಎರಡು ಹಂತದಲ್ಲಿ, ಸರಿಯಾಗಿ ಗುರುತಿನವರೆಗೆ ಹಾಕಿ. ಬೆರೆಸಿದ ದಿನವನ್ನು ಬಾಟಲಿಯ ಮೇಲೆ ಬರೆಯಿರಿ.
3. ಪ್ರತಿ ಸಲವೂ ಕುಲುಕಿ. ಸಿರಿಂಜಿನಲ್ಲಿ ಅಳೆಯಿರಿ, ಚಮಚದಲ್ಲಿ ಬೇಡ.
4. ಒಂದು ಸಲದ ಅಳತೆ × ದಿನಕ್ಕೆ ಎಷ್ಟು ಸಲ × ಎಷ್ಟು ದಿನ. ಈ ಲೆಕ್ಕ ಹೇಳಿದಷ್ಟು ಬಾಟಲಿ ತನ್ನಿ.
5. ಜ್ವರ ಇಳಿದರೂ, ಬಾಟಲಿ ಮುಗಿದರೂ, ವೈದ್ಯರು ಹೇಳಿದ ದಿನ ಮುಗಿಯುವವರೆಗೆ ಔಷಧ ಮುಂದುವರಿಸಿ.